ಮುಖ ಕೊನೆಗೆ ನೋಡುತ್ತಿದ್ದವರು

ಯಜಮಾನರು ತೀರಿಕೊಂಡರು ಅಂತ ಫೋನ್ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಯಾರು ನೋಡಿದ್ದು?" ಆ ಕಡೆಯಿಂದ ಅವರ ಅಳಿಯ, "ನಾನೇ ನೋಡ್ದೆ ಸಾರ್, ಪಕ್ಕದಲ್ಲೇ ಇದ್ದೆ" ಅಂದ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಸಾವಿನ ಸುದ್ದಿಗೆ ಯಾರಾದರೂ ಸಾಕ್ಷಿ ಕೇಳುತ್ತಾರೆಯೆ? ಆದರೆ ಅದು ನನ್ನ ಪ್ರಶ್ನೆಯಲ್ಲ. ಒಂದು ವರ್ಷದ ಒಡನಾಟದಲ್ಲಿ ಅವರಿಂದ ನನಗೆ ಅಂಟಿದ ಚಾಳಿ ಅದು.

ತುಮಕೂರಿನ ಅಂಚಿನ ಅಂತರಸನಹಳ್ಳಿಯಲ್ಲಿ ಅವರದೊಂದು ಟೈರ್ ರೀಟ್ರೆಡಿಂಗ್ ಶೆಡ್ ಇತ್ತು. ಸವೆದ ಲಾರಿ ಟೈರನ್ನು ಉಜ್ಜಿ, ಮೇಲೆ ಹೊಸ ರಬ್ಬರ್ ಪಟ್ಟಿ ಕೂರಿಸಿ, ಬೇಯಿಸಿ ಕೊಡುವ ಕೆಲಸ. ವ್ಯವಹಾರವನ್ನೆಲ್ಲ ಅಳಿಯನಿಗೆ ವಹಿಸಿದ್ದರೂ, ಒಳಗೆ ಬಂದ ಪ್ರತಿ ಹಳೇ ಟೈರು ಅವರ ಹೆಬ್ಬೆರಳ ಕೆಳಗೆ ಹಾದು ಹೋಗಲೇಬೇಕಿತ್ತು. ಟೈರಿನ ಒಳಮೈಯಲ್ಲಿ ಕೈ ಆಡಿಸಿ, ಕಣ್ಣು ಮುಚ್ಚಿ, ಡಾಕ್ಟರು ಹೊಟ್ಟೆ ಒತ್ತಿ ನೋಡುವ ಹಾಗೆ ಅಲ್ಲಲ್ಲಿ ಒತ್ತುತ್ತಿದ್ದರು. ಒಪ್ಪಿಗೆಯಾದರೆ ಸೀಮೆಸುಣ್ಣದಲ್ಲಿ ರೈಟ್ ಮಾರ್ಕು, ಇಲ್ಲದಿದ್ದರೆ ಇಂಟು ಮಾರ್ಕು. ಇಂಟು ಬಿದ್ದ ಟೈರನ್ನು ಯಾವ ದೊಡ್ಡ ಮನುಷ್ಯ ತಂದಿದ್ದರೂ ಮುಟ್ಟುತ್ತಿರಲಿಲ್ಲ.

ಅನುಮಾನ ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬಂದರೆ ಮೊದಲು ಮಗುಚಿ ತಳ ನೋಡುತ್ತಿದ್ದರು. ಮದುವೆ ಕಾಗದ ಕೊಟ್ಟರೆ ತಾರೀಖಿಗೂ ವಾರಕ್ಕೂ ತಾಳೆ ಆಗುತ್ತದೆಯೋ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿ, ಆಮೇಲೆ ಕ್ಯಾಲೆಂಡರ್ ಸರಿ ಇದೆಯೋ ಅಂತ ಅಳಿಯನ ಫೋನಿನಲ್ಲಿ ನೋಡಿಸುತ್ತಿದ್ದರು. ಅವರ ಹೆಂಡತಿ ಒಮ್ಮೆ ನನಗೆ ಹೇಳಿದ್ದರು: "ಹೆಣ್ಣು ನೋಡಕ್ ಬಂದಾಗ ನನ್ ಮುಖ ನೋಡ್ಲಿಲ್ಲ ಕಣಪ್ಪ, ಉಪ್ಪಿಟ್ ಯಾರ್ ಮಾಡಿದ್ದು ಅಂತ ಮೂರ್ ಸಲ ಕೇಳುದ್ರು. ಅಮ್ಮ ಮಾಡಿದ್ದು ಅಂತ ನಾನ್ ನಿಜ ಹೇಳ್ದೆ. ಅದಕ್ಕೇ ಒಪ್ಕೊಂಡ್ರಂತೆ."

ನಾನು ಅವರ ಹತ್ತಿರ ಹೋದದ್ದು ಟೈರಿಗಲ್ಲ, ಫೋಟೋಗೆ. ತುಮಕೂರಿನ ಒಂದು ಪದವಿ ಕಾಲೇಜಿನ ಲೈಬ್ರರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಎರಡನೇ ಮಹಾಯುದ್ಧಕ್ಕೆ ನಮ್ಮ ಕಡೆಯಿಂದ ಹೋದವರ ಫೋಟೋಗಳನ್ನು ಮನೆಮನೆಯಿಂದ ತಂದು ಪ್ರದರ್ಶನ ಮಾಡೋಣ ಅಂತ ಪ್ರಿನ್ಸಿಪಾಲರಿಗೆ ಆಸೆ ಬಂತು. ಗುಬ್ಬಿ, ಕುಣಿಗಲ್ ಕಡೆ ಓಡಾಡಿ ಫೋಟೋ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೂಡಿಸಿದೆ. ಆದರೆ ಯಾವುದು ಯುದ್ಧದ ಕಾಲದ್ದು, ಯಾವುದು ಆಮೇಲಿನದು ಅಂತ ಹೇಳುವವರು ಯಾರು? ಹಿಸ್ಟರಿ ಮೇಷ್ಟ್ರು ಕೈ ಎತ್ತಿದರು. ಶಿರಾ ಗೇಟಿನ ಫೋಟೋ ಸ್ಟುಡಿಯೋದವನು ಹೇಳಿದ: "ಅಂತರಸನಹಳ್ಳೀಲಿ ಒಬ್ರು ಯಜಮಾನ್ರವ್ರೆ ಸಾರ್. ಗಾಡಿ ಟೈರ್ ನೋಡಿ ಫೋಟೋ ವಯಸ್ಸು ಹೇಳ್ತಾರೆ. ಆದ್ರೆ ಬೈಯ್ತಾರೆ."

ಮೊದಲ ದಿನ ನನ್ನ ಪರಿಚಯ ಹೇಳಿಕೊಂಡೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು, ಬಿ.ಎ. ಅಂತಲೂ ಹೇಳಿದೆ. ಈ ಮಾತನ್ನು ಎಲ್ಲರಿಗೂ ಹೇಳುತ್ತೇನೆ, ಹೇಳಬೇಕು ಕೂಡ. ಊರಿನಿಂದ ಗುಬ್ಬಿ ಸ್ಟೇಷನ್ನಿಗೆ ನಡೆದು, ಪಾಸ್ ತೋರಿಸಿ ರೈಲು ಹತ್ತಿ, ರಜೆಯಲ್ಲಿ ಮಂಡಿಯಲ್ಲಿ ಕೊಬ್ಬರಿ ಆರಿಸಿ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಗೆದ್ದವನು ಅದನ್ನು ಮುಚ್ಚಿಟ್ಟುಕೊಳ್ಳಬೇಕೆ?

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್ಟಿಫಿಕೇಟ್ ಇದ್ಯಾ?" ಅಂದರು.

ನನಗೆ ರೋಷ ಬಂತು. ಮಾರನೇ ದಿನ ತೆಗೆದುಕೊಂಡೇ ಹೋದೆ. ಬೆಳಕಿಗೆ ಹಿಡಿದು ನೋಡಿ, "ಲ್ಯಾಮಿನೇಷನ್ ಮಾಡ್ಸಿದೀಯ. ಲ್ಯಾಮಿನೇಷನ್ ಮಾಡುದ್ರೆ ಕಾಗ್ದದ ವಯಸ್ಸು ಹೇಳಕ್ಕಾಗಲ್ಲ" ಅಂತ ವಾಪಸ್ ಕೊಟ್ಟರು. ಅವತ್ತಿನಿಂದ ನನ್ನ ಹೆಸರು 'ಡಿಗ್ರಿ' ಆಯಿತು. "ಬಾರಪ್ಪ ಡಿಗ್ರಿ, ಇವತ್ತೇನ್ ಸುಳ್ ತಂದಿದೀಯ?"

ಅವರು ಫೋಟೋ ನೋಡುವುದಕ್ಕೆ ಒಂದು ಕ್ರಮವಿತ್ತು. ಫೋಟೋ ಕೈಗೆ ಬಂದ ತಕ್ಷಣ ಅದರಲ್ಲಿರುವವರ ಮುಖದ ಮೇಲೆ ನಶ್ಯದ ಡಬ್ಬಿ ಇಡುತ್ತಿದ್ದರು. ಹಿಂದೆ ಏನು ಬರೆದಿದೆ ಅಂತ ಓದಲು ಬಿಡುತ್ತಿರಲಿಲ್ಲ. ಮೊದಲು ಟೈರು, ಆಮೇಲೆ ಬಟ್ಟೆ, ಕೊನೆಗೆ ಮುಖ. "ಮುಖ ನೋಡ್ಬುಟ್ರೆ ನಂಬ್ಬುಡ್ತೀವಿ. ಮೀಸೆ ಇದ್ರಂತೂ ಮುಗೀತು" ಅನ್ನುತ್ತಿದ್ದರು. ಹರೆಯದಲ್ಲಿ ಬೆಂಗಳೂರಿನ ಒಂದು ಗುಜರಿಯಲ್ಲಿ ಹಳೇ ಮಿಲಿಟರಿ ಗಾಡಿಗಳನ್ನು ಬಿಚ್ಚುವ ಕೆಲಸ ಮಾಡಿದ್ದರಂತೆ. ಯುದ್ಧ ಮುಗಿದ ಮೇಲೆ ಸೈನ್ಯ ಬೇಡವೆಂದು ಮಾರಿದ ಗಾಡಿ, ಕೋಟು, ಬೂಟು, ಡೇರೆಗಳಿಗೆಲ್ಲ 'ಡಿಸ್ಪೋಸಲ್' ಅನ್ನುತ್ತಿದ್ದರು. ಆ ಡಿಸ್ಪೋಸಲ್ ಗಾಡಿಗಳ ಒಂದೊಂದು ಚಕ್ರವನ್ನೂ ಇವರು ಕೈಯಲ್ಲಿ ಬಿಚ್ಚಿದ್ದವರು.

ಕುಣಿಗಲ್ಲಿನ ಒಬ್ಬ ಮೇಷ್ಟ್ರ ಮನೆಯಿಂದ ನಾನು ತಂದ ಫೋಟೋದಲ್ಲಿ ಚಡ್ಡಿ ತೊಟ್ಟ ಸೈನಿಕನೊಬ್ಬ ಜೀಪಿಗೆ ಒರಗಿ ನಿಂತಿದ್ದ. ಮುಖದ ಮೇಲೆ ಡಬ್ಬಿ ಕೂತಿತು. ಭೂತಗನ್ನಡಿಯಲ್ಲಿ ಜೀಪಿನ ಚಕ್ರವನ್ನೇ ಹತ್ತು ನಿಮಿಷ ನೋಡಿದರು. ಆ ಟೈರಿನ ದಪ್ಪ ಪಟ್ಟಿಗಳು ಮುಂದಕ್ಕೂ ಹಿಂದಕ್ಕೂ ಓರೆಯಾಗದೆ ನೇರ ಅಡ್ಡಕ್ಕಿದ್ದವು. "ಇದು ಯುದ್ಧಕ್ಕೇ ಅಂತ ಮಾಡಿದ್ ಟೈರು. ಮುಂದುಕ್ಕೂ ಹಿಂದುಕ್ಕೂ ಒಂದೇ ಹಿಡ್ತ. ಮಣ್ಮೇಲೆ ಅಚ್ಚು ಬಿದ್ರೆ ಗಾಡಿ ಬಂತೋ ಹೋಯ್ತೋ ಹೇಳಕ್ಕಾಗಲ್ಲ" ಅಂದರು. ಆಮೇಲೆ ಅಪರೂಪಕ್ಕೆ ನಕ್ಕರು: "ಇದನ್ ಮಾಡ್ದೋನು ನನ್ಗಿಂತ ಅನುಮಾನದ್ ಮನ್ಸ ಕಣಯ್ಯ." ಮೇಜಿನ ಮೇಲೆ, ಫೋಟೋದ ಪಕ್ಕ, ಸೀಮೆಸುಣ್ಣದಲ್ಲಿ ರೈಟ್ ಹಾಕಿದರು. ನಾನು ಒಯ್ದ ಇಪ್ಪತ್ತೆರಡು ಫೋಟೋಗಳಲ್ಲಿ ರೈಟ್ ಬಿದ್ದದ್ದು ಒಂಬತ್ತಕ್ಕೆ.

ಎಲ್ಲ ಮುಗಿದ ಮೇಲೆ ಕೊನೆಯದಾಗಿ ನಮ್ಮ ತಾತನ ಫೋಟೋ ಕೊಟ್ಟೆ. ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ.

ಊರಿನಲ್ಲಿ ನಮ್ಮದು 'ಮಿಲ್ಟ್ರಿಯೋರ ಮನೆ'. ತಾತ ಬರ್ಮಾ ಯುದ್ಧಕ್ಕೆ ಹೋಗಿ ಬಂದವರು ಅಂತ ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಡುಮನೆಯಲ್ಲಿ ಅವರ ಒಂದೇ ಒಂದು ಫೋಟೋ. ದಪ್ಪ ಮೂತಿಯ ಮಿಲಿಟರಿ ಗಾಡಿ, ಅದರ ಮುಂದೆ ಕೋಟು ತೊಟ್ಟು, ಎದೆ ಸೆಟೆಸಿ ನಿಂತ ತಾತ. ತಾತ ತೀರಿಕೊಂಡ ವರ್ಷದಿಂದ ನನ್ನ ತಾಯಿ ಪ್ರತಿ ಆಗಸ್ಟ್ ಹದಿನೈದಕ್ಕೆ ಆ ಫೋಟೋಗೆ ಹೂ ಏರಿಸುತ್ತಾಳೆ. ಪ್ರಿನ್ಸಿಪಾಲರಿಗೆ ವಿಷಯ ಗೊತ್ತಾದದ್ದೇ ತಡ, ನಮ್ಮ ಸಿಬ್ಬಂದಿಯ ತಾತನೇ ಮೊದಲ ಫಲಕದಲ್ಲಿರಲಿ, ನಿಮ್ಮ ತಾಯಿಯೇ ದೀಪ ಹಚ್ಚಲಿ ಅಂದರು. ಊರಿನಿಂದ ಟೆಂಪೋ ಮಾಡಿಕೊಂಡು ಬರುವುದು ಅಂತಲೂ ಆಯಿತು. ಜೀವನದಲ್ಲಿ ಬಸ್ ಸ್ಟ್ಯಾಂಡು, ಆಸ್ಪತ್ರೆ ಬಿಟ್ಟು ತುಮಕೂರಿನಲ್ಲಿ ಬೇರೇನೂ ನೋಡದ ನನ್ನ ತಾಯಿ ಕಾಲೇಜಿನ ವೇದಿಕೆ ಹತ್ತುವವಳಿದ್ದಳು. ಅದಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣದ ಗುರುತು, ಅಷ್ಟೇ.

ಇದು ನಮ್ಮ ತಾತನ ಫೋಟೋ ಅಂತ ಅವರಿಗೆ ಹೇಳಲಿಲ್ಲ. ಡಬ್ಬಿ ತಾತನ ಮುಖದ ಮೇಲೆ ಕೂತಾಗ ಮಾತ್ರ ಮೈ ಉರಿಯಿತು.

ಅವರು ನೋಡಿದರು. ಮತ್ತೆ ನೋಡಿದರು. "ಇದನ್ ಇಟ್ಟೋಗು. ನಾಳೆ ಮರಳೂರಿಗೆ ಮನೆಗ್ ಬಾ" ಅಂದರು.

"ಯಾಕೆ ಯಜಮಾನ್ರೇ? ಬೇರೆ ಯಾವ್ದನ್ನೂ ಇಟ್ಕೊಂಡಿರ್ಲಿಲ್ವಲ್ಲ?"

"ಬಟ್ಟೆ ನನ್ ಡಿಪಾರ್ಟ್‌ಮೆಂಟಲ್ಲ. ಮನೆಯೋಳ್ದು."

ಅವರ ಹೆಂಡತಿ ಕುಣಿಗಲ್ಲಿನ ಒಬ್ಬ ದರ್ಜಿಯ ಮಗಳು ಅನ್ನುವುದು ಗೊತ್ತಿತ್ತು. ಆದರೂ ನನಗೆ ಸರಿ ಅನ್ನಿಸಲಿಲ್ಲ. ಶೆಡ್ಡಿನಿಂದ ಹೊರಗೆ ಬಂದರೆ ಅಲ್ಲಿ ನಮ್ಮೂರಿನ ಲಾರಿ ಮಾಲೀಕನ ಗಾಡಿ ನಿಂತಿತ್ತು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ನಮ್ಮ ದೊಡ್ಡಪ್ಪನ ಎದುರು ಸೋತವನು ಅವನು. "ಅದೇನ್ ಮಿಲ್ಟ್ರಿಯೋ, ಯಾರ್ ಕಂಡೋರು" ಅಂತ ಅಂಗಡಿ ಮುಂದೆ ಕೂತು ಆಡಿಕೊಳ್ಳುವವನೂ ಅವನೇ. ಈ ಯಜಮಾನರ ಕಿವಿ ಕಚ್ಚಿರಬಹುದೆ? ಇವರು ಒಂದು ಕಾಸೂ ತೆಗೆದುಕೊಳ್ಳದೆ ಇಷ್ಟು ದಿನ ಫೋಟೋ ನೋಡಿಕೊಟ್ಟದ್ದಾದರೂ ಯಾಕೆ? ಮನೆ ಸೇರುವಷ್ಟರಲ್ಲಿ ಅನುಮಾನ ಗಟ್ಟಿಯಾಗಿತ್ತು. ಫೋಟೋ ಕೊಡುವ ಮೊದಲು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು ಅಂದುಕೊಂಡೆ.

ಮಾರನೇ ದಿನ ಮರಳೂರಿನ ಮನೆಯಲ್ಲಿ ಅವರ ಹೆಂಡತಿ ಕಾಫಿ ಕೊಟ್ಟರು. ಯಜಮಾನರು ಪೀಠಿಕೆ ಇಲ್ಲದೆ ಶುರು ಮಾಡಿದರು.

"ಗಾಡಿ ಮಿಲ್ಟ್ರೀದೇ. ಆದ್ರೆ ಮಿಲ್ಟ್ರಿ ಬುಟ್ಮೇಲಿಂದು. ಮುಂದಿನ್ ಎರಡು ಚಕ್ರ ನೋಡು. ಎಡಗಡೇದು ಯುದ್ಧದ್ ಟೈರು, ಬಲಗಡೇದು ರೋಡ್ ಟೈರು, ಉದ್ದುದ್ದ ಗೆರೆ. ಯುದ್ಧದಲ್ಲೂ ರಬ್ಬರ್ ಸಿಗ್ದೆ ಏನೇನೋ ಹಾಕಿರ್ಬೋದು, ಅದಕ್ಕೇ ಬರೀ ಟೈರ್ ಮೇಲೆ ನಾನ್ ಹೇಳಲ್ಲ. ಏ ಇವ್ಳೇ, ನೀನ್ ಹೇಳು."

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋಟೋದಲ್ಲಿ ತಾತನ ತೋಳನ್ನು ತೋರಿಸಿದರು. "ಇಲ್ಲಿ ನೋಡಪ್ಪ. ತೋಳಲ್ಲಿ ಹವಾಲ್ದಾರಂಗೆ ಇರೋ ಥರ ಮೂರು ಪಟ್ಟಿ ಕಪ್ಪುಗೆ ಕಾಣ್ತಾ ಐತಲ್ಲ, ಅದು ಪಟ್ಟಿ ಅಲ್ಲ. ಪಟ್ಟಿ ಕಿತ್ ಜಾಗ. ಸುತ್ತ ಬಟ್ಟೆ ಬಿಸ್ಲಿಗೆ ಮಾಸೈತೆ, ಪಟ್ಟಿ ಕೆಳಗಿಂದು ಮಾಸಿಲ್ಲ. ನಮ್ಮಪ್ಪ ಡಿಸ್ಪೋಸಲ್ ಕೋಟ್ ಗಂಟುಗಟ್ಲೆ ತರೋರು. ಪಟ್ಟಿ ಇರೋ ಕೋಟ್ ಹಾಕ್ಕಂಡ್ರೆ ಪೊಲೀಸ್ನೋರು ಕೇಳ್ತಾರೆ ಅಂತ ಮೊದ್ಲು ಪಟ್ಟಿ ಬಿಚ್ಸೋರು. ಆ ಕೆಲ್ಸ ನಂದು. ಬ್ಲೇಡ್ ತಗಂಡು ಕೂತ್ರೆ ದಿನುಕ್ಕೆ ಹತ್ ಕೋಟು. ಕಾಲಲ್ಲಿ ಚಪ್ಲಿ ಬೇರೆ ಐತೆ, ನೋಡು."

"ಚಳಿಗೆ ಕೋಟ್ ಕೊಂಡವ್ನೆ, ಅಷ್ಟೇಯ" ಅಂದರು ಯಜಮಾನರು. "ಹಾಕ್ಕಂಡು ಊರಿಗೋಗವ್ನೆ. ಆಗ ಆ ಕೋಟ್ ಯಾರ್ ಹಾಕುದ್ರೂ ಮಿಲ್ಟ್ರಿ ಅನ್ನೋರು. ಒಂದೊಂದೂರಲ್ಲೂ ಅಂಥ ಮಿಲ್ಟ್ರಿಗಳು ನಾಕ್ನಾಕ್ ಜನ ಇದ್ರು." ಮೇಜಿನ ಮೇಲೆ ಇಂಟು ಹಾಕಿದರು. ಆಮೇಲೆ ಡಬ್ಬಿ ಎತ್ತಿದರು. ತಾತನ ಮುಖ ನೋಡಿದರು, ನನ್ನ ಮುಖ ನೋಡಿದರು. ಇಬ್ಬರಿಗೂ ಒಂದೇ ಮೂಗು.

"ಮೊದ್ಲೇ ಹೇಳ್ಬಾರ್ದಿತ್ತೇನೋ" ಅಂದರು. ಅಷ್ಟೇ. ಇಂಟು ಅಳಿಸಲಿಲ್ಲ.

ನಾನು ಕಾಫಿ ಅರ್ಧಕ್ಕೆ ಬಿಟ್ಟು, ಫೋಟೋ ಎತ್ತಿಕೊಂಡು ಬಂದೆ. ಒಂದು ಕಡೆ ನಾಲ್ಕನೇ ಕ್ಲಾಸು ದಾಟದ ಇವರ ಮಾತು, ಇನ್ನೊಂದು ಕಡೆ ಇಡೀ ಊರಿನ ಮಾತು. ಯಾಕೆ ನಂಬಬೇಕು? ತಪ್ಪೊಂದು ಇವರಿಂದ ಆಗಿಬಿಟ್ಟರೆ ಸಾಕು, ಈ ಇಂಟನ್ನೂ ಒರೆಸಿಹಾಕಬಹುದು ಅನ್ನಿಸಿತು. ಗುಬ್ಬಿಯಲ್ಲಿ ಒಂದು ಮದುವೆಗೆ ಹಸಿರು ಬಣ್ಣ ಬಳಿದ ಹಳೇ ಮಾದರಿಯ ಜೀಪು ಬಂದಿತ್ತು. ಅದರ ಮುಂದೆ ಎನ್‌ಸಿಸಿ ಬಟ್ಟೆ ತೊಟ್ಟ ನನ್ನ ಅಣ್ಣನ ಮಗನನ್ನು ನಿಲ್ಲಿಸಿ ಫೋಟೋ ತೆಗೆದೆ. ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಮಾಡಿಸಿ, ಟೀ ನೀರಿನಲ್ಲಿ ಅದ್ದಿ, ಒಣಗಿಸಿ, ಮೂಲೆ ಮಡಚಿ ಶೆಡ್ಡಿಗೆ ಒಯ್ದೆ. "ಒಂದು ಉಳ್ಕೊಂಡಿತ್ತು ಯಜಮಾನ್ರೇ" ಅಂದೆ.

ಅವರು ಮೊದಲು ಮೂಸಿದರು. "ಟೀ ಪುಡಿ ಚೆನ್ನಾಗೈತೆ."

ಆಮೇಲೆ ಭೂತಗನ್ನಡಿಯನ್ನು ಚಕ್ರದ ಮೇಲೆ ಹಿಡಿದರು.

"ಇದು ಈಗಿನ್ ರೇಡಿಯಲ್ ಟೈರು. ನೆಲ ಮುಟ್ಟೋ ಕಡೆ ಹೊಟ್ಟೆ ಬುಟ್ಕಂಡೈತೆ ನೋಡು. ಆಗಿನ್ ಟೈರ್ಗೆ ಹಿಂಗ್ ಹೊಟ್ಟೆ ಇರ್ತಿರ್ಲಿಲ್ಲ ಕಣಪ್ಪ, ರೇಷನ್ ಕಾಲ." ಫೋಟೋ ನನ್ನ ಕೈಗೆ ವಾಪಸ್ ಇಟ್ಟರು. "ನನ್ ಮೇಲೆ ಅನುಮಾನ ಪಟ್ಟಿದ್ದು ತಪ್ಪಲ್ಲ, ಡಿಗ್ರಿ. ಪಡ್ಬೇಕು. ನಾನೂ ತಪ್ ಮಾಡಿರ್ಬೋದು. ಆದ್ರೆ ನಿಮ್ ತಾತುನ್ ಫೋಟೋ ಕೊಡೋವಾಗ ನನ್ ಮುಖ ನೋಡ್ಕಂಡ್ ಕೊಟ್ಟೆ. ಇದನ್ ಕೊಡೋವಾಗ ನೀನ್ ನೆಲ ನೋಡ್ದೆ."

ಅದೇ ಹೊತ್ತಿಗೆ ನಮ್ಮೂರಿನ ಲಾರಿ ಮಾಲೀಕ ಒಳಗಿನಿಂದ ಗೊಣಗುತ್ತಾ ಬಂದ. ಅವನ ಆರು ಟೈರಿನಲ್ಲಿ ಐದಕ್ಕೆ ಇಂಟು ಬಿದ್ದಿತ್ತು. ನನ್ನನ್ನು ಕಂಡು, "ಏನ್ಲಾ, ನೀನೂ ಇವ್ರ ಕೈಗ್ ಸಿಕ್ಕಿದ್ಯಾ? ಈ ಮುದ್ಕಪ್ಪಂಗೆ ದೇವ್ರೇ ರಥ ತಂದು ನಿಲ್ಸುದ್ರೂ ಚಕ್ರ ಒತ್ತಿ ನೋಡ್ತಾನೆ ಕಣ್ಲಾ" ಅಂದ. ಕಿವಿ ಕಚ್ಚಿದ್ದ ಅನ್ನುವ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಆದರೂ ನಾನು ಫಲಕ ಬದಲಿಸಲಿಲ್ಲ. ಬರೆದುಬಿಡುತ್ತೇನೆ: ನನಗೆ ಧೈರ್ಯ ಸಾಲಲಿಲ್ಲ. ಪ್ರದರ್ಶನದ ಬೆಳಿಗ್ಗೆ ಮೊದಲ ಫಲಕದಲ್ಲಿ ತಾತನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ 'ಎರಡನೇ ಮಹಾಯುದ್ಧದ ವೀರ ಯೋಧ'. ಊರಿನ ಟೆಂಪೋ ಬಂತು. ನನ್ನ ತಾಯಿ ರೇಷ್ಮೆ ಸೀರೆ ಉಟ್ಟು ದೀಪ ಹಚ್ಚಿದಳು, ಜನ ಚಪ್ಪಾಳೆ ತಟ್ಟಿದರು. ಆಗ ಬಾಗಿಲಲ್ಲಿ ಯಜಮಾನರು, ಅವರ ಹಿಂದೆ ಹೆಂಡತಿ ಕಾಣಿಸಿಕೊಂಡರು. ಕರೆದವನು ನಾನೇ, ತಾತನ ಫೋಟೋ ಅವರ ಕೈಗೆ ಕೊಡುವುದಕ್ಕೆ ಮುಂಚೆ. ಬರುವುದಿಲ್ಲ ಅಂದುಕೊಂಡಿದ್ದೆ.

ಅವರು ನೇರ ಮೊದಲ ಫಲಕಕ್ಕೇ ಹೋಗಿ ನಿಂತರು. ಬರಹ ಓದಿದರು. ಇಡ್ಲಿಯನ್ನೇ ಮಗುಚಿ ನೋಡದೆ ಬಿಡದ ಮನುಷ್ಯ ಇಲ್ಲಿ ಸುಮ್ಮನಿರುತ್ತಾರೆಯೆ? ಅಷ್ಟರಲ್ಲಿ ನನ್ನ ತಾಯಿ ಅವರ ಪಕ್ಕಕ್ಕೆ ಹೋಗಿ, "ನಮ್ ಮಾವ್ನೋರು ಸ್ವಾಮಿ" ಅಂದಳು.

ಅವರು ಕೈ ಮುಗಿದರು. "ಗಾಡಿ ಇವ್ರೇ ಓಡುಸ್ತಿದ್ರೇನಮ್ಮ?"

"ನಾನ್ ಬರೋ ಹೊತ್ಗೆ ಗಾಡಿ ಇರ್ಲಿಲ್ಲ. ಆದ್ರೆ ಎತ್ತಿನ್ ಹಗ್ಗಾನೂ ಸ್ಟೇರಿಂಗ್ ಹಿಡ್ದಂಗೇ ಹಿಡಿಯೋರು. ಯುದ್ಧದ್ ಸುದ್ದಿ ಕೇಳುದ್ರೆ ಮಾತ್ರ, 'ಏನ್ ಯುದ್ಧ, ಬುಡವ್ವ' ಅನ್ನೋರು. ದೊಡ್ ಮನ್ಸ, ಹೇಳ್ಕೊತಿರ್ಲಿಲ್ಲ."

"ಈ ಎಡಗಡೆ ಟೈರ್ ನೋಡಮ್ಮ. ಪೂರಾ ಸವ್ದೈತೆ, ಆದ್ರೆ ಎಷ್ಟ್ ಸಮ ಸವ್ದೈತೆ. ಒಂದ್ ಮಗ್ಗುಲೂ ತಿಂದಿಲ್ಲ. ಗಾಳಿ ಸರ್ಯಾಗಿ ನೋಡ್ಕಂಡು, ತಿರುವಲ್ಲಿ ಎಳ್ದಾಡ್ದೆ, ಬ್ರೇಕ್ ಸುಮ್ನೆ ಒತ್ದೆ ಓಡುಸ್ದೋನ್ದು ಹಿಂಗ್ ಸವೀತದೆ. ನಾನ್ ಅರವತ್ ವರ್ಷ ಟೈರ್ ನೋಡಿದೀನಿ. ಇವ್ರು ಒಳ್ಳೆ ಡ್ರೈವರ್ರು."

ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮುಂದಿನ ಫಲಕಕ್ಕೆ ಹೋದರು. ತಾಯಿ ನನ್ನ ತೋಳು ಹಿಡಿದು ಎಳೆದಳು. "ನೋಡ್ಲಾ ಮಗ. ಊರ್ಗೂರೇ ಮಿಲ್ಟ್ರಿ ಮಿಲ್ಟ್ರಿ ಅಂತು. ಒಬ್ರಾದ್ರೂ ಅವ್ರನ್ನ ಒಳ್ಳೆ ಡ್ರೈವರ್ರು ಅಂದಿರ್ಲಿಲ್ಲ."

ಆಮೇಲೆ ನನ್ನಿಂದ ತಡೆಯಲಾಗಲಿಲ್ಲ. ಅವಳನ್ನು ಲೈಬ್ರರಿಯ ಒಳಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಎರಡು ಥರದ ಟೈರು, ಪಟ್ಟಿ ಕಿತ್ತ ತೋಳು, ಚಪ್ಪಲಿ, ಡಿಸ್ಪೋಸಲ್ ಕೋಟು, ಎಲ್ಲ ಹೇಳಿದೆ.

"ಹಂಗಾರೆ ಯುದ್ಧುಕ್ಕೆ ಹೋಗ್ಲೇ ಇಲ್ವಾ?"

"ಇಲ್ಲ ಅಂತ ಕಾಣುತ್ತೆ ಕಣವ್ವ."

"ಮಾವ್ನೋರು ಹೋದಾಗ್ಲಿಂದ ಆಗಸ್ಟ್ ಹದಿನೈದುಕ್ಕೆ ಹೂ ಹಾಕಿದೀನಲ್ಲೋ." ಕಣ್ಣು ಒರೆಸಿಕೊಂಡಳು. ಯಾರ ಮೇಲೆ ಸಿಟ್ಟಾಗಬೇಕು ಅಂತ ಅವಳಿಗೂ ಗೊತ್ತಾಗಲಿಲ್ಲವೇನೋ. ಕೊನೆಗೆ ಸೆರಗು ಸರಿ ಮಾಡಿಕೊಂಡು ಎದ್ದಳು. "ಇನ್ಮೇಲೆ ಆಯುಧ ಪೂಜೆ ದಿವ್ಸ ಹಾಕ್ತೀನಿ ಬುಡು. ಹೋಗು, ಆ ಬರ್ದಿರೋದನ್ನ ತೆಗಿ. ಊರೋರ್ಗೆ ನಾನ್ ಹೇಳ್ಕೊತೀನಿ."

ಊರಿನವರು ಸುಮ್ಮನಿರಲಿಲ್ಲ. "ಓದಿ ಓದಿ ಮನೆ ಮಾನ ಕಳ್ದೆ ಕಣ್ಲಾ" ಅಂತ ದೊಡ್ಡಪ್ಪ ಎಲ್ಲರ ಎದುರಿಗೇ ಅಂದರು. ನಮ್ಮ ಮನೆಯನ್ನು ಊರು ಈಗಲೂ ಮಿಲ್ಟ್ರಿಯೋರ ಮನೆ ಅಂತಲೇ ಕರೆಯುತ್ತದೆ. ಆದರೆ ಅವತ್ತು ನಾನು ಫಲಕದ ಬರಹ ಕಿತ್ತು, ಒಂದು ಹಾಳೆಯಲ್ಲಿ ನನ್ನ ಕೈಯಾರೆ ಬರೆದು ಅಂಟಿಸಿದೆ: 'ನನ್ನ ತಾತ. ಲಾರಿ ಡ್ರೈವರ್. ಕೋಟು ಡಿಸ್ಪೋಸಲ್‌ನಲ್ಲಿ ಕೊಂಡದ್ದು.' ಬರೆಯುವಾಗ, ಮೊದಲ ಬಾರಿಗೆ ನನ್ನ ಡಿಗ್ರಿಗೆ ತಕ್ಕ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತು. ಯಜಮಾನರು ನೋಡಲಿ ಅಂತ ನಾನೇ ಹೋಗಿ ಕರೆತಂದೆ. ಬೆನ್ನು ತಟ್ಟುತ್ತಾರೆ ಅಂತ ಆಸೆ ಇದ್ದದ್ದು ಸುಳ್ಳಲ್ಲ.

ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿದರು.

"ಲಾರಿ ಅಂತ ಯಾರ್ ಹೇಳಿದ್ದು?"

"ಅಂದ್ರೆ... ಇಷ್ಟು ದೊಡ್ಡ ಗಾಡಿ..."

"ಫೋಟೋದಲ್ಲಿರೋದು ಗಾಡಿ ಮೂತಿ ಒಂದೇ. ಹಿಂದ್ಗಡೆ ಲಾರಿ ಬಾಡಿನೋ ಬಸ್ ಬಾಡಿನೋ, ನೀನ್ ಕಂಡ್ಯಾ? ಡಿಸ್ಪೋಸಲ್ ಗಾಡಿಗೆ ಬಸ್ ಬಾಡಿ ಕಟ್ಟಿ ಎಷ್ಟ್ ಜನ ಓಡುಸ್ಲಿಲ್ಲ? ಗೊತ್ತಿಲ್ದೇ ಇರೋದನ್ನ ಬರೀಬೇಡ, ಡಿಗ್ರಿ."

ಜೇಬಿನಿಂದ ಪೆನ್ನು ತೆಗೆದು ನಾನು 'ಲಾರಿ' ಅನ್ನುವುದನ್ನು ಹೊಡೆದುಹಾಕಿದೆ. 'ಡ್ರೈವರ್' ಉಳಿಯಿತು. ಅವರು ಗೆರೆ ಪೂರ್ತಿ ಬೀಳುವ ತನಕ ಅಲ್ಲೇ ನಿಂತು ನೋಡಿ, ಆಮೇಲೆ ಕದಲಿದರು.